ವಕೀಲರ ಬಳಿಗೆ ಹೋಗುವ ಮುನ್ನ

ದಾಂಪತ್ಯವು ಪ್ರೀತಿ ಮತ್ತು ಕಾರುಣ್ಯದ ತಳಹದಿಯ ಮೇಲೆ ನಿಂತಿದೆ. ಆ ತಳಹದಿ ಬಿರುಕು ಬಿಟ್ಟಾಗ ಏನು ಮಾಡಬೇಕೆಂಬುದನ್ನೂ ಪವಿತ್ರ ಕುರ್‌ಆನ್ ಕಲಿಸಿದೆ. ಅನ್ನಿಸಾ ಅಧ್ಯಾಯದ 35ನೆಯ ಸೂಕ್ತದಂತೆ, ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರು ಕುಳಿತು ರಾಜಿಗೆ ಯತ್ನಿಸಬೇಕು. ಆದರೆ ಹೊಡೆತ, ಹಿಂಸೆ ಇರುವಲ್ಲಿ ರಾಜಿಯ ಹೆಸರಿನಲ್ಲಿ ಹೆಣ್ಣುಮಗಳ ಬಾಯಿ ಮುಚ್ಚಿಸುವುದು ಅನ್ಯಾಯ.

ವಿಚ್ಛೇದನದ ಹಕ್ಕು ಪುರುಷನಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಪತ್ನಿಗೆ ಖುಲಾದ ದಾರಿಯಿದೆ. ಪತಿ ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಕ್ರೂರವಾಗಿ ನಡೆದುಕೊಂಡರೆ, 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಂತೆ ಅವಳು ನ್ಯಾಯಾಲಯಕ್ಕೆ ಹೋಗಬಹುದು. ಒಂದೇ ಉಸಿರಿನ ಮೂರು ತಲಾಕ್ 2019ರ ಕಾಯ್ದೆಯಂತೆ ಅಸಿಂಧು ಮಾತ್ರವಲ್ಲ, ಶಿಕ್ಷಾರ್ಹ ಅಪರಾಧವೂ ಹೌದು.

ನೀವು ಜಯನಗರ, ಜೆ.ಪಿ. ನಗರ, ಬನಶಂಕರಿ ಅಥವಾ ಬಿ.ಟಿ.ಎಂ. ಬಡಾವಣೆಯವರೇ? ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯವು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಮೊದಲು ರಾಜಿಗೆ ಯತ್ನಿಸುವ ಹೊಣೆಯನ್ನು 1984ರ ಕಾಯ್ದೆ ಈ ನ್ಯಾಯಾಲಯಕ್ಕೂ ಹೊರಿಸಿದೆ. ಹಣವಿಲ್ಲವೆಂದು ಯಾವ ಸಹೋದರಿಯೂ ಕೈಚೆಲ್ಲಬೇಕಿಲ್ಲ. 1987ರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯೂ ನ್ಯಾಯದೇಗುಲದಲ್ಲೇ ಇದೆ.

ವಕೀಲರನ್ನು ಆರಿಸುವಾಗ ಕೆಲವು ಎಚ್ಚರಗಳು ಅಗತ್ಯ. ಅವರು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿತರೇ, ಮುಸ್ಲಿಂ ವೈಯಕ್ತಿಕ ಕಾನೂನು ಬಲ್ಲವರೇ ಎಂದು ವಿಚಾರಿಸಿರಿ. ಶುಲ್ಕವನ್ನು ಮೊದಲೇ ಬರಹದಲ್ಲಿ ನಿಶ್ಚಯಿಸಿ ರಶೀದಿ ಪಡೆಯಿರಿ. ಗೆದ್ದರೆ ಇಷ್ಟು ಪಾಲು ಎಂಬ ಕರಾರು ವಕೀಲರ ನಿಯಮಗಳಿಗೆ ವಿರುದ್ಧ. ಖಾಲಿ ಕಾಗದಕ್ಕೆ ಸಹಿ ಹಾಕದಿರಿ. ನಿಕಾಹ್‌ನಾಮಾದ ಪ್ರತಿ ಕೊಡಿರಿ, ಮೂಲವನ್ನು ಜೋಪಾನವಾಗಿಡಿರಿ.

ಎಲ್ಲಕ್ಕಿಂತ ದೊಡ್ಡ ಎಚ್ಚರ ಬೇರೆಯೇ ಇದೆ. ವಾದಚತುರನೊಬ್ಬನ ಮಾತು ಕೇಳಿ ನಾನು ಇನ್ನೊಬ್ಬರ ಹಕ್ಕನ್ನು ಅವನಿಗೆ ಕೊಟ್ಟರೆ, ಅವನು ಪಡೆದದ್ದು ಬೆಂಕಿಯ ತುಂಡು ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಪ್ರವಾದಿಯ(ಸ) ತೀರ್ಪೇ ಪರರ ಹಕ್ಕನ್ನು ಹಲಾಲ್ ಮಾಡದೆಂದ ಮೇಲೆ ಇಂದಿನ ಡಿಕ್ರಿ ಮಾಡೀತೇ? ಆದ್ದರಿಂದ ವರದಕ್ಷಿಣೆ ಕೇಳದವನ ಮೇಲೆ ಆ ಆರೋಪ ಹೊರಿಸಬೇಡಿ. ಮಹರ್ ಕೊಡದೆ ಕೊಟ್ಟೆನೆನ್ನಬೇಡಿ. ಜೀವನಾಂಶ ತಪ್ಪಿಸಲು ಸಂಬಳ ಮುಚ್ಚಿಡಬೇಡಿ. ಮಕ್ಕಳನ್ನು ಸಾಕ್ಷಿಯ ಆಯುಧವಾಗಿಸಬೇಡಿ.

ವಕೀಲರು ನೀವು ಹೇಳಿದ್ದನ್ನೇ ವಾದಿಸುತ್ತಾರೆ. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಉತ್ತರಿಸುವಾಗ ನಮ್ಮ ಪರವಾಗಿ ವಾದಿಸಲು ಯಾರಿರುತ್ತಾರೆ?