ಮಗು ತನ್ನನ್ನೇ ಹೊಡೆದುಕೊಂಡಾಗ

ಸಂತ ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ತನ್ನ ಮೂಕ ಮಗನನ್ನು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾನೆ. ಹುಡುಗ ಬೆಂಕಿಗೂ ಬೀಳುತ್ತಾನೆ, ನೀರಿಗೂ ಬೀಳುತ್ತಾನೆ. ಈ ಭಾಗವನ್ನು ಓದುವಾಗ ನಮ್ಮ ಗಮನವೆಲ್ಲ ಅವನು ಗುಣವಾದುದರ ಮೇಲೆ. ಅದಕ್ಕೂ ಮೊದಲು ಸ್ವಾಮಿ ತಂದೆಯನ್ನು ಒಂದು ಮಾತು ವಿಚಾರಿಸಿದರು: ಇವನಿಗೆ ಇದು ಶುರುವಾಗಿ ಎಷ್ಟು ಕಾಲವಾಯಿತು? ಗುಣಪಡಿಸಲು ಶಕ್ತಿಯಿದ್ದವರೂ ಮೊದಲು ಕೇಳಿ ತಿಳಿದುಕೊಂಡರು.

ನಾನು ಹಾಗೆ ಮಾಡಲಿಲ್ಲ. ನಾವುಂದದ ಕಡೆ ಮನೆ ಭೇಟಿಗೆ ಹೋಗಿದ್ದಾಗ ಒಬ್ಬ ಹುಡುಗನನ್ನು ಕಂಡೆ. (ಗುರುತು ಸಿಗದಂತೆ ಬರೆಯುತ್ತಿದ್ದೇನೆ.) ವಯಸ್ಸು ಹತ್ತರ ಆಸುಪಾಸು, ಮಾತು ಬಂದಿಲ್ಲ. ಮಣಿಕಟ್ಟನ್ನು ಕಚ್ಚಿಕೊಂಡು ಚರ್ಮ ಗಡುಸಾಗಿತ್ತು. ನಾವು ಕೂತಿದ್ದಂತೆಯೇ ಎಡಗೆನ್ನೆಗೆ ಪಟಪಟನೆ ಹೊಡೆದುಕೊಂಡ. "ಇವ್ನಿಗೆ ಎಂತ ಹಿಡ್ದಿತ್ ಕಾಣಿ ಫಾದರ್" ಎಂದು ತಾಯಿ ಅತ್ತರು. ಅಜ್ಜಿಯ ಪ್ರಕಾರ ಅದು ದೃಷ್ಟಿ, ತಂದೆಯ ಪ್ರಕಾರ ಹಟ. ನಾನು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಜೊತೆಗೆ, ಹೀಗೆ ಮಾಡಿದಾಗಲೆಲ್ಲ ಎತ್ತಿ ಮುದ್ದಿಸಿ, ಬಿಸ್ಕತ್ತು ಕೊಡಿ ಎಂದು ಸಲಹೆಯನ್ನೂ ಕೊಟ್ಟು ಬಂದೆ. ಪ್ರಾರ್ಥನೆ ಸರಿ, ಸಲಹೆ ತಪ್ಪು.

ಪ್ರಿಯ ಓದುಗರೇ, ನಮ್ಮ 'ಯಾಕೆ' ಎಂಬ ಪದದಲ್ಲಿ ಎರಡು ಪ್ರಶ್ನೆಗಳು ಅಡಗಿವೆ: ಯಾವುದರಿಂದ, ಮತ್ತು ಯಾವುದಕ್ಕಾಗಿ. ಅರಿಸ್ಟಾಟಲನೂ ಅವನನ್ನು ಅನುಸರಿಸಿದ ಸಂತ ಥೋಮಸ್ ಅಕ್ವಿನಾಸರೂ ಇವನ್ನು ಬೇರೆ ಬೇರೆ ಕಾರಣಗಳೆಂದು ಎಣಿಸಿದರು. ಸೆಮಿನರಿಯಲ್ಲಿ ಬಾಯಿಪಾಠ ಮಾಡಿದ್ದ ಆ ವಿಂಗಡಣೆ ಇಂತಹ ಮಕ್ಕಳ ವಿಷಯದಲ್ಲಿ ಉಪಯೋಗಕ್ಕೆ ಬಂದೀತೆಂದು ನಾನು ನೆನೆಸಿರಲಿಲ್ಲ.

1982ರಲ್ಲಿ ಅಮೆರಿಕದ ಬ್ರಯಾನ್ ಇವಾಟಾ ಮತ್ತು ಸಂಗಡಿಗರು ಈ ಎರಡನೆಯ ಪ್ರಶ್ನೆಯನ್ನೇ ಪರೀಕ್ಷೆಗೆ ಒಡ್ಡಿದರು. ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಿದ್ದ, ಬೆಳವಣಿಗೆಯಲ್ಲಿ ಹಿಂದುಳಿದ ಒಂಬತ್ತು ಮಂದಿಯನ್ನು 15 ನಿಮಿಷಗಳ ನಾಲ್ಕು ಬಗೆಯ ಸನ್ನಿವೇಶಗಳಲ್ಲಿ ಮತ್ತೆ ಮತ್ತೆ ಗಮನಿಸಿದರು. ಒಂದರಲ್ಲಿ ದೊಡ್ಡವರು ಓದುತ್ತಾ ಕೂರುತ್ತಾರೆ. ಮಗು ಹೊಡೆದುಕೊಂಡಾಗ ಮಾತ್ರ "ಬೇಡ ಮಗೂ" ಎಂದು ಹತ್ತಿರ ಬರುತ್ತಾರೆ. ಇನ್ನೊಂದರಲ್ಲಿ ಪಾಠ ಹೇಳುತ್ತಾರೆ. ಹೊಡೆದುಕೊಂಡರೆ ಪಾಠ ನಿಲ್ಲುತ್ತದೆ. ಮೂರನೆಯದರಲ್ಲಿ ಮಗು ಒಂಟಿ, ಆಟಿಕೆಯೂ ಇಲ್ಲ. ನಾಲ್ಕನೆಯದರಲ್ಲಿ ಆಟ, ಅಕ್ಕರೆ ಎಲ್ಲ ಇದೆ, ಒತ್ತಾಯ ಯಾವುದೂ ಇಲ್ಲ. ಯಾವ ಸನ್ನಿವೇಶದಲ್ಲಿ ಹೊಡೆತ ಹೆಚ್ಚುತ್ತದೋ ಅಲ್ಲಿ ಕಾರಣದ ಸುಳಿವು ಸಿಗುತ್ತದೆ. ಒಂಬತ್ತರಲ್ಲಿ ಆರು ಮಂದಿಯಲ್ಲಿ ಇಂತಹ ವ್ಯತ್ಯಾಸ ಕಂಡಿತು. 1994ರಲ್ಲಿ ಅದೇ ತಂಡ 152 ಮಂದಿಯ ಫಲಿತಾಂಶ ಪ್ರಕಟಿಸಿತು: ಸುಮಾರು ಶೇ. 38 ಮಂದಿ ಬೇಡದ ಕೆಲಸದಿಂದ ಬಿಡಿಸಿಕೊಳ್ಳಲು, ಶೇ. 26ರಷ್ಟು ಮಂದಿ ಇತರರ ಗಮನಕ್ಕಾಗಿ ಅಥವಾ ಬೇಕಾದ ವಸ್ತುವಿಗಾಗಿ, ಇನ್ನೂ ಹೆಚ್ಚುಕಡಿಮೆ ಅಷ್ಟೇ ಮಂದಿ ಆ ಕ್ರಿಯೆಯೇ ದೇಹಕ್ಕೆ ಕೊಡುವ ಅನುಭವಕ್ಕಾಗಿ ಹಾಗೆ ಮಾಡುತ್ತಿದ್ದರು. ಏಟು ಒಂದೇ, ಉದ್ದೇಶ ಬೇರೆ. ಗಮನ ಬೇಕೆಂದು ಕಚ್ಚಿಕೊಳ್ಳುವ ಮಗುವಿಗೆ ನನ್ನ ಬಿಸ್ಕತ್ತು ಕಚ್ಚಿಕೊಳ್ಳುವುದನ್ನೇ ಕಲಿಸುತ್ತದೆ!

ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಅದು ತರಬೇತಾದವರ ಕೆಲಸ. ಗಾಯ ಮಿತಿ ಮೀರಿದರೆ ನಿಲ್ಲಿಸುವ ಏರ್ಪಾಡು ಅಲ್ಲಿರುತ್ತದೆ. ಮುಖಕ್ಕೆ ಹೊಡೆದುಕೊಂಡು ಕಣ್ಣಿನ ಒಳಪದರ ಕಳಚಿ ದೃಷ್ಟಿ ಕಳೆದುಕೊಂಡವರಿದ್ದಾರೆ. ಮನೆಯವರ ಪಾಲಿನದು ಇಷ್ಟೇ: ಮೊದಲು ವೈದ್ಯರಿಗೆ ತೋರಿಸಿ ಕಿವಿ, ಹಲ್ಲು, ಹೊಟ್ಟೆ ಪರೀಕ್ಷೆ ಮಾಡಿಸುವುದು. ಮಲಬದ್ಧತೆಯನ್ನೂ ಬಾಯಿ ಬಾರದ ಮಗು ಹೇಳಲಾರದು. ಜೊತೆಗೆ ಒಂದು ನೋಟ್ ಪುಸ್ತಕ. ಹೊತ್ತು ಎಷ್ಟು, ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನೀವೇನು ಮಾಡಿದಿರಿ? ಕೊನೆಯದನ್ನು ಬರೆಯಲು ನಮಗೆ ಸಂಕೋಚ, ಆದರೆ ವೈದ್ಯರಿಗೆ ಹೆಚ್ಚು ಬೇಕಾದುದು ಅದೇ. ಆ ಪುಸ್ತಕ ಹಿಡಿದು ಮಣಿಪಾಲಕ್ಕೋ, ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ ಮನಶ್ಶಾಸ್ತ್ರಜ್ಞರನ್ನು ಕಾಣಬಹುದು.

ಮಾತು ಬಲ್ಲ ಹರೆಯದ ಮಕ್ಕಳು ಗುಟ್ಟಾಗಿ ಕೈ ಕೊಯ್ದುಕೊಳ್ಳುವುದು ಬೇರೆಯೇ ವಿಷಯ. ಅಲ್ಲಿ ಗದರದೆ ನೇರವಾಗಿ ಕೇಳಬೇಕು, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯನ್ನು 14416ಕ್ಕೆ ಫೋನ್ ಮಾಡಿ ಉಚಿತವಾಗಿ ಪಡೆಯಬಹುದು.

ನಾವುಂದದ ಆ ತಾಯಿ ಎರಡು ವಾರ ಬರೆದರು. ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದುದು ಹೆಚ್ಚಾಗಿ ಊಟದ ನಂತರ, ಅದೂ ಎಡಗಡೆಗೇ. ದಂತವೈದ್ಯರು ನೋಡಿದಾಗ ಒಳಗಿನ ದವಡೆ ಹಲ್ಲು ಕೊಳೆತಿತ್ತು. ಅದನ್ನು ತೆಗೆದ ಮೇಲೆ ಆ ಹೊಡೆತ ನಿಂತಿತು. ಮಣಿಕಟ್ಟು ಕಚ್ಚುವುದು ಮಾತ್ರ ನಿಲ್ಲಲಿಲ್ಲ. ಅದು ಸ್ಲೇಟು ಮುಂದಿಟ್ಟಾಗ ಬರುತ್ತಿತ್ತು, ಕಚ್ಚಿಕೊಂಡ ಕೂಡಲೇ ಸ್ಲೇಟು ಒಳಗೆ ಹೋಗುತ್ತಿತ್ತು. ಮನಶ್ಶಾಸ್ತ್ರಜ್ಞೆ ಅವನಿಗೆ ಅಂಗೈಯಗಲದ ಒಂದು ರಟ್ಟು ಮಾಡಿಕೊಟ್ಟಿದ್ದಾರೆ, ಮೇಲೆ ಎತ್ತಿದ ಕೈಯ ಚಿತ್ರ. ಅದನ್ನು ಕೊಟ್ಟರೆ 'ಸಾಕು' ಎಂದರ್ಥ, ಪಾಠ ಸ್ವಲ್ಪ ಹೊತ್ತು ನಿಲ್ಲುತ್ತದೆ. ಮೊನ್ನೆ ಹೋದಾಗ ನಾನು ಜಪಸರ ಪ್ರಾರ್ಥನೆಯನ್ನು ಕೊಂಚ ಉದ್ದ ಮಾಡಿದೆ. ಎರಡನೆಯ ರಹಸ್ಯಕ್ಕೇ ಅವನು ಬಂದು ಆ ರಟ್ಟನ್ನು ನನ್ನ ಕೈಗಿಟ್ಟ.