ಹಿತ್ತಲ ಟೊಮೆಟೊಗೆ ಔಷಧಿ: ಹೊಡೆಯುವ ಮುನ್ನ ಹವೆ ನೋಡಿರಿ



ನಮ್ಮ ಭಾಗದ ಬಹಳ ಮನೆಗಳಲ್ಲಿ ಟೊಮೆಟೊ ಸಾಲಿನ ಮಗ್ಗುಲಿಗೇ ದನದ ಕೊಟ್ಟಿಗೆ ಇರುತ್ತದೆ. ಗಿಡಕ್ಕೆ ಹೊಡೆದ ಔಷಧಿ ಪಕ್ಕದ ಹುಲ್ಲಿಗೂ ಬಿದ್ದು ಆಕಳು, ಎಮ್ಮೆಗಳ ಹೊಟ್ಟೆ ಸೇರಬಹುದು. ಕೆಲವು ಕೀಟನಾಶಕಗಳ ಅಂಶ ಹಾಲಿಗೂ ಇಳಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಹೊಡೆಯಲೇಬೇಕೆಂಬ ರೂಢಿ ಬಿಟ್ಟು, ಅಗತ್ಯವಿದ್ದಾಗ ಮಾತ್ರ ಹೊಡೆಯಿರಿ.

ಅಗತ್ಯವನ್ನು ತಿಳಿಯುವುದು ಹೇಗೆ?

ಅಂಗಮಾರಿ, ಎಲೆಚುಕ್ಕೆ ರೋಗಗಳ ಬೀಜಾಣು ಮೊಳೆಯಲು ಎಲೆ ಕೆಲವು ತಾಸು ಒದ್ದೆಯಾಗಿರಬೇಕು. ಹೀಗಾಗಿ ಊರಿನ ಹವೆಯಂತೆ ನಿರ್ಧಾರವೂ ಬೇರೆಯಾಗುತ್ತದೆ.

1. ಕಿತ್ತೂರು ಕಡೆ, ಮುಂಗಾರಿನಲ್ಲಿ: ಜಿಟಿಜಿಟಿ ಮಳೆ, ಮೋಡ, ತಂಪು ಕೂಡಿ ನಾಲ್ಕಾರು ದಿನ ನಿಂತರೆ ಅಂಗಮಾರಿ ಒಂದೆರಡು ವಾರದಲ್ಲಿ ಗಿಡವನ್ನು ಸುಟ್ಟಂತೆ ಮಾಡುತ್ತದೆ. ಎಲೆಯ ಮೇಲೆ ನೀರಿನಲ್ಲಿ ನೆನೆದಂಥ ಕಲೆ, ಕೆಳಗೆ ಬಿಳಿ ಬೂಷ್ಟು ಇದರ ಗುರುತು. ಇಂಥ ಹವೆಯಲ್ಲಿ ರೋಗ ಕಾಣುವ ಮೊದಲೇ, ಮಳೆ ಬಿಡುವು ಕೊಟ್ಟಾಗ, ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಇಲ್ಲವೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಿರಿ. ಇವು ಎಲೆಗೆ ಹೊದಿಕೆಯಿದ್ದಂತೆ. ರೋಗ ಹೊಕ್ಕ ಎಲೆಯನ್ನು ಗುಣಪಡಿಸುವುದಿಲ್ಲ.

2. ಸಂಪಗಾಂವ, ಬೈಲಹೊಂಗಲ: ಮಳೆ ಬಿಟ್ಟ ಮೇಲೂ ಇಬ್ಬನಿಯಿಂದ ಎಲೆಚುಕ್ಕೆ ಬರಬಹುದು. ಕೆಳಗಿನ ಎಲೆಗಳಲ್ಲಿ ಉಂಗುರದಂಥ ಕಂದು ಚುಕ್ಕೆ ಕಂಡರೆ ಮೊದಲು ಆ ಎಲೆ ಕಿತ್ತು ಹೂಳಿರಿ. ನೀರನ್ನು ಬುಡಕ್ಕೆ ಮಾತ್ರ ಬಿಡಿರಿ. ಚುಕ್ಕೆ ಮೇಲಕ್ಕೇರಿದರೆ ಮಾತ್ರ ಸಿಂಪರಣೆ ಮಾಡಿರಿ.

3. ಸವದತ್ತಿ, ರಾಮದುರ್ಗ: ಒಣ ಬೇಸಿಗೆಯಲ್ಲಿ ಅಂಗಮಾರಿಗೆಂದು ಹೊಡೆಯುವುದು ದುಡ್ಡು ದಂಡ. ಎಲೆ ಮುದುಡಿ ಗಿಡ ಗಿಡ್ಡಾದರೆ ಅದು ಸಾಮಾನ್ಯವಾಗಿ ಬಿಳಿನೊಣ ಹರಡುವ ನಂಜು ರೋಗ. ಈ ಔಷಧಿಗಳಿಂದ ವಾಸಿಯಾಗದು. ಗಿಡ ಕಿತ್ತು ಹೂಳಿರಿ. ಮುಂದಿನ ಸಲ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ, ಈ ರೋಗ ತಡೆಯುವ ತಳಿಯನ್ನು ಹಚ್ಚಿರಿ.

ದನಕರುಗಳ ಕಾಳಜಿ

* ಸಿಂಪರಣೆಗೆ ಮೊದಲು ಮೇವು, ನೀರಿನ ತೊಟ್ಟಿ ಮುಚ್ಚಿರಿ. ಗಾಳಿ ಕೊಟ್ಟಿಗೆಯ ಕಡೆ ಬೀಸುವಾಗ ಹೊಡೆಯಬೇಡಿರಿ.
* ಔಷಧಿ ಬಿದ್ದ ಹುಲ್ಲನ್ನು ದನಕ್ಕೆ ಹಾಕಬೇಡಿರಿ. ಕಾಯಿ ಹರಿಯಲು ಚೀಟಿಯಲ್ಲಿ ಬರೆದಷ್ಟು ದಿನ ಕಾಯಿರಿ.
* ಕಿತ್ತ ಟೊಮೆಟೊ ಗಿಡವನ್ನು ಗೋದಲಿಗೆ ಹಾಕಬಾರದು. ಔಷಧಿ ಹೊಡೆಯದಿದ್ದರೂ ಅದರ ಹಸಿ ಎಲೆ, ಕಾಂಡಗಳಲ್ಲಿ ವಿಷಾಂಶವಿದೆ.
* ತಾಮ್ರದ ಔಷಧಿ ಹೊಡೆದಲ್ಲಿ ಕುರಿ ಮೇಯಿಸಬೇಡಿರಿ. ಕುರಿಗೆ ತಾಮ್ರ ದನಕ್ಕಿಂತ ಬೇಗ ವಿಷವಾಗುತ್ತದೆ.
* ಔಷಧಿ ತಿಂದ ಸಂಶಯವಿದ್ದು ಜೊಲ್ಲು, ನಡುಕ, ಏದುಸಿರು ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಔಷಧಿಯ ಡಬ್ಬಿ ತೋರಿಸಿರಿ. ವೈದ್ಯರು ಹೇಳುವವರೆಗೆ ಆ ಹಾಲನ್ನು ಸಂಘಕ್ಕೂ ಹಾಕಬೇಡಿರಿ, ಮನೆಯಲ್ಲೂ ಬಳಸಬೇಡಿರಿ.