ಹಾಡಲು ಹೊರಟವರಿಗೆ

‘ಹಾಡೋಕೆ ಡಿಗ್ರಿ ಯಾಕೆ?’ ಎಂದು ಕೇಳುವ ನಂಜನಗೂಡು, ತಿ. ನರಸೀಪುರದ ಮಕ್ಕಳೇ, ನಿಮ್ಮ ಪಕ್ಕದ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು ಸಂಗೀತ ಕಾಲೇಜಿಗೆ ಹೋದವರಲ್ಲ, ನಿಜ. ಆದರೆ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ವರ್ಷಗಟ್ಟಲೆ ಪಾಠ ಹೇಳಿಸಿಕೊಂಡರು. ಆ ಶಿಸ್ತು ಯಾವ ಕಾಲೇಜಿಗೂ ಕಡಿಮೆಯಲ್ಲ. ಮೈಕಿಲ್ಲದ ಕಾಲ, ಪಿಟೀಲಿನ ನಾದ ಹಿಂದೆ ಕೂತವರಿಗೂ ಕೇಳಬೇಕು. ಅದಕ್ಕಾಗಿ ನಾಲ್ಕು ತಂತಿಯನ್ನು ಏಳು ಮಾಡಿಕೊಂಡರು. ಇಂಥ ಉಪಾಯ ಹೊಳೆಯುವುದು ಕಛೇರಿಯಲ್ಲಿ, ಕ್ಲಾಸಿನಲ್ಲಲ್ಲ. ತಂಬೂರಿ ಹಿಡಿದ ನಮ್ಮ ನೀಲಗಾರರೂ ಗುರುವಿನ ಹಿಂದೆ ನಡೆದೇ ರಾತ್ರಿಯಿಡೀ ಹಾಡುವ ಕಥೆ ಕಲಿತವರು.

ಹಾಗೆಂದು ಕಾಲೇಜು ಬಿಡಬೇಡಿ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಮೈಸೂರಲ್ಲೇ ಇದೆ, ಬಸ್ಸು ಹತ್ತಿದರೆ ಸಾಕು. ಟೀಚರ್ ಕೆಲಸಕ್ಕೆ ಪದವಿ ಬೇಕು. ಜೊತೆಗೆ ನುಡಿಸುವ ಗೆಳೆಯರೂ ಅಲ್ಲಿ ಸಿಗುತ್ತಾರೆ. ಸಂಜೆ ಮಾತ್ರ ಭಜನೆಗೋ ಆರ್ಕೆಸ್ಟ್ರಾಕ್ಕೋ ಹೋಗಿ ಜನರ ಮುಂದೆ ಹಾಡಿ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಓದದೆ ಯಾವ ಒಪ್ಪಂದಕ್ಕೂ ಸಹಿ ಹಾಕಬೇಡಿ. 2012ರ ಕಾಪಿರೈಟ್ ತಿದ್ದುಪಡಿ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯ ಹಕ್ಕನ್ನು ಗಟ್ಟಿಮಾಡಿದೆ. ಸ್ವಂತ ಹಾಡು ಕಟ್ಟಿದರೆ, ಆ ರಾಯಲ್ಟಿ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವಕ್ಕೆ ಅರ್ಜಿ ಹಾಕಿ.